ಕೊಳೆತ ದ್ರಾಕ್ಷಿಯ ಮರ್ಯಾದೆ

ವೈನಿನ ಒಂದು ತೊಟ್ಟನ್ನೂ ನಾನು ನಾಲಿಗೆಗೆ ತಾಗಿಸಿದವನಲ್ಲ. ಆದರೂ ಫ್ರಾನ್ಸಿನ ಒಂದು ಸಿಹಿ ವೈನಿನ ಬಗ್ಗೆ ಅರ್ಧ ಗಂಟೆ ಬಿಡುವಿಲ್ಲದೆ ಮಾತಾಡಬಲ್ಲೆ. ಈಜು ಬಾರದವನು ದಂಡೆಯ ಮೇಲೆ ನಿಂತು ಈಜು ಕಲಿಸಿದಂತೆ ಇದು, ನನಗೂ ಗೊತ್ತು. ಆದರೆ ಆ ವೈನಿನ ದೆಸೆಯಿಂದ ನಾನೊಂದು ತಪ್ಪು ಮಾಡಿದೆ. ಕುಡಿದು ತಪ್ಪು ಮಾಡಿದವರಿಗೆ ಹೇಳಿಕೊಳ್ಳಲು ನೆಪವಾದರೂ ಇರುತ್ತದೆ. ನನಗೆ ಅದೂ ಇಲ್ಲ.

ಈ ವಿದ್ಯೆ ಕೊಟ್ಟವನು ರಾನ್. ನಮ್ಮ ವೆಲಿಂಗ್ಟನ್ ಆಫೀಸಿನಿಂದ ನಿವೃತ್ತನಾಗಿ, ನಾವಿರುವ ಅಪ್ಪರ್ ಹಟ್‌ನಿಂದ ಗುಡ್ಡ ದಾಟಿದರೆ ಸಿಗುವ ವೈರಾರಪದಲ್ಲಿ ನಾಲ್ಕು ಸಾಲು ದ್ರಾಕ್ಷಿ ಹಾಕಿಕೊಂಡಿದ್ದ. ಹರೆಯದಲ್ಲಿ ಫ್ರಾನ್ಸಿನ ಬೋರ್ಡೋ ಕಡೆಯ ಹಳೆಯ ಎಸ್ಟೇಟೊಂದರಲ್ಲಿ ಎರಡು ಸುಗ್ಗಿ ಕೂಲಿ ಮಾಡಿ ಬಂದವನು. ಆ ಮನೆಯ ಕಥೆ ಹೇಳುವಾಗ ಅವನಿಗೆ ನಮ್ಮ ಕಡೆ ಮಠದ ಪರಂಪರೆ ಹೇಳುವವರ ಗಾಂಭೀರ್ಯ ಬಂದುಬಿಡುತ್ತಿತ್ತು. ದಿಬ್ಬದ ಮೇಲೆ ಕೋಟೆಯಂಥ ಮನೆ. ತಲೆಮಾರುಗಟ್ಟಲೆ ಒಂದೇ ಮನೆತನ, ಆಮೇಲೆ ಮಗಳ ಮದುವೆಯೊಂದಿಗೆ ಇನ್ನೊಂದಕ್ಕೆ. ನಡುವೆ ಒಬ್ಬ ಚಿಕ್ಕ ವಯಸ್ಸಿನ ವಿಧವೆ, ಫ್ರೆಂಚ್ ಕ್ರಾಂತಿಯ ಗದ್ದಲದಲ್ಲಿ ಸೆರೆಮನೆ ಕಂಡು ಬಂದರೂ, ತೋಟವನ್ನು ಕೈಬಿಡಲಿಲ್ಲವಂತೆ.

ಅಲ್ಲಿ ಎರಡು ಹೊಳೆಗಳು ಕೂಡುತ್ತವೆ, ಒಂದರ ನೀರು ತಣ್ಣಗೆ, ಇನ್ನೊಂದರದು ಬೆಚ್ಚಗೆ. ಸುಗ್ಗಿಯ ಹೊತ್ತಿಗೆ ಬೆಳಿಗ್ಗೆ ಮಂಜು ಎದ್ದು ತೋಟವನ್ನು ಮುಸುಕುತ್ತದೆ, ಮಧ್ಯಾಹ್ನದ ಬಿಸಿಲು ಬಂದು ಒಣಗಿಸುತ್ತದೆ. ಈ ಹದದಲ್ಲಿ ಹಣ್ಣಿಗೆ ಒಂದು ಬಗೆಯ ಬೂದು ಬೂಷ್ಟು ಹತ್ತಿ, ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ತೂತು ಕೊರೆಯುತ್ತದೆ. ನೀರು ಆರಿಹೋಗಿ ಸಕ್ಕರೆ ಉಳಿಯುತ್ತದೆ, ಹಣ್ಣು ಮುದುಡುತ್ತದೆ. ಬೇರೆಡೆ ತಿಪ್ಪೆಗೆ ಹೋಗುವ ಹಣ್ಣಿಗೆ ಅಲ್ಲಿ ರಾಜಮರ್ಯಾದೆ. ಮುದುಡಿದ್ದನ್ನಷ್ಟೇ ಒಂದೊಂದಾಗಿ ಆರಿಸಿ, ಉಳಿದದ್ದನ್ನು ಬಳ್ಳಿಯಲ್ಲೇ ಬಿಟ್ಟು, ಕೆಲವು ದಿನ ಕಳೆದು ಮತ್ತೆ ಬರುತ್ತಾರೆ. ಹೀಗೆ ನಾಲ್ಕೈದು ಸಲ. ಒಂದು ಬಳ್ಳಿಗೆ ಒಂದು ಲೋಟ ವೈನ್ ಬಂದರೆ ಪುಣ್ಯ. ಅದನ್ನು ಓಕ್ ಪೀಪಾಯಿಯಲ್ಲಿಟ್ಟು, ಆರಿದಷ್ಟನ್ನು ಮತ್ತೆ ತುಂಬುತ್ತ ವರ್ಷಗಟ್ಟಲೆ ಕಾಯಬೇಕು. ಇಷ್ಟೆಲ್ಲ ಮಾಡಿಯೂ ರುಚಿ ಸಾಲದೆನಿಸಿದರೆ ಆ ವರ್ಷ ಮನೆಯ ಹೆಸರಿನಲ್ಲಿ ಒಂದು ಬಾಟಲಿಯೂ ಹೊರಗೆ ಬರುವುದಿಲ್ಲ. ನನಗೆ ತುಂಬ ಹಿಡಿಸಿದ್ದು ಈ ಕೊನೆಯ ಮಾತು. ಸಾಲದ್ದನ್ನು ಸಾಲದು ಎಂದು ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲವಾದ್ದರಿಂದ ಇರಬೇಕು.

ಈಗ ನಮ್ಮ ಅವ್ವ. ಅಪ್ಪ ತೀರಿಕೊಂಡ ಮೇಲೆ ವಿಜಾಪುರದಿಂದ ಬಂದು ನಮ್ಮೊಂದಿಗಿದ್ದಳು. ಕಾಳು ಹಸನು ಮಾಡುವುದರಲ್ಲಿ ನಮ್ಮ ಓಣಿಯಲ್ಲೇ ಅವಳ ಕೈ ಮೇಲು. ಮದುವೆ ಮನೆಯವರು ಚೀಲಗಟ್ಟಲೆ ಗೋಧಿ ತಂದು ಅವಳ ಮುಂದೆ ಸುರಿಯುತ್ತಿದ್ದರು. ಇಲ್ಲಿ ತೊಗರಿಬೇಳೆಯ ಪ್ಯಾಕೆಟ್ ಒಡೆದು ತಾಟಿನಲ್ಲಿ ಹರವಿಕೊಂಡು ಕೂರುತ್ತಿದ್ದಳು. ಅರ್ಧ ಗಂಟೆ ಹುಡುಕಿ, "ಒಂದ ಹಳ್ಳರ ಬ್ಯಾಡೇನೋ ಇದರಾಗ?" ಎಂದು ಬೇಸರದಿಂದ ಏಳುತ್ತಿದ್ದಳು. ಕಲ್ಲಿಲ್ಲದ ಬೇಳೆ ಒಬ್ಬ ಹೆಂಗಸನ್ನು ಇಷ್ಟು ಬಡವಿ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ಒಂದು ಏಪ್ರಿಲ್‌ನಲ್ಲಿ, ಇಲ್ಲಿಯ ದ್ರಾಕ್ಷಿ ಸುಗ್ಗಿಯ ಕಾಲಕ್ಕೆ, ರಾನ್ ಫೋನ್ ಮಾಡಿದ. ವರ್ಷಗಳಿಂದ ಕಾಯುತ್ತಿದ್ದ ಬೂಷ್ಟು ಕೊನೆಗೂ ಹತ್ತಿದೆ, ಆದರೆ ಸಂಜೆಗೆ ದೊಡ್ಡ ಮಳೆಯಂತೆ; ಫ್ರೆಂಚರಂತೆ ಐದು ಸಲ ಬರುವ ಪುರುಸೊತ್ತಿಲ್ಲ, ಗೊಂಚಲುಗಳನ್ನೇ ಕತ್ತರಿಸಿ ತಂದು ಮೇಜಿನ ಮೇಲೆ ಆರಿಸಬೇಕು, ಕೈ ಬೇಕು ಎಂದ. ನನಗೆ ತಕ್ಷಣ ಅವ್ವನ ಕೈ ನೆನಪಾಯಿತು. ಆದರೆ ಹೆಂಡವೆಂದರೆ ಮೂಗು ಮುಚ್ಚುವವಳು. "ಜ್ಯೂಸ್ ಮಾಡ್ತಾರವ್ವಾ" ಎಂದೆ. ಅವಳು ಸೆರಗು ಕಟ್ಟಿ ಹೊರಟೇಬಿಟ್ಟಳು.

ಶೆಡ್ಡಿನಲ್ಲಿ ರಾನ್ ಒಂದು ಮುದುಡಿದ ಹಣ್ಣು ತೋರಿಸಿ, "ಇಂಥದ್ದು ಮಾತ್ರ ಇಡಬೇಕು, ಅಮ್ಮನಿಗೆ ಸರಿಯಾಗಿ ಹೇಳು" ಎಂದು ಸಾಲುಗಳತ್ತ ಓಡಿದ. ಜ್ಯೂಸಿಗೆ ಬೂಷ್ಟು ಹಿಡಿದದ್ದು ಬೇಕು ಎಂದು ಯಾವ ಬಾಯಿಂದ ಹೇಳಲಿ? ಆಮೇಲೆ ಪಕ್ಕದಲ್ಲೇ ಕೂತು ಹೇಗೋ ಸುಧಾರಿಸಿದರಾಯಿತು ಎಂದುಕೊಂಡು, "ಚೊಲೋತ್ನಾಗಿ ಹಸನು ಮಾಡವ್ವಾ" ಎಂದಷ್ಟೇ ಹೇಳಿ ಗೊಂಚಲು ಹೊರಲು ಹೋದೆ. ಒಂದು ಸುಳ್ಳು ಎಷ್ಟು ಹೊತ್ತು ಬದುಕುತ್ತದೆಂದು ನಾವು ಲೆಕ್ಕ ಹಾಕುವುದಿಲ್ಲ.

ಮಧ್ಯಾಹ್ನ ತಿರುಗಿ ಬಂದಾಗ ಬಕೆಟ್ಟುಗಳ ತುಂಬ ಮುತ್ತಿನಂಥ ಹಸಿರು ದ್ರಾಕ್ಷಿ. ಒಂದು ಹಣ್ಣಿಗೂ ಒಂದು ಚುಕ್ಕೆಯಿಲ್ಲ. ಮುದುಡಿದ್ದನ್ನೆಲ್ಲ ಅವ್ವ ಬೇಲಿಯಾಚೆ ಚೆಲ್ಲಿದ್ದಳು. ಪಕ್ಕದ ಹೊಲದ ಕುರಿಗಳು ಆ ವರ್ಷದ ವೈನನ್ನು ಅಗಿದು ಮುಗಿಸಿದ್ದವು.

ರಾನ್ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತ. ಒಂದು ಹಸಿರು ಹಣ್ಣನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ, "ಅಮ್ಮನಿಗೆ ಹೇಳಬೇಡ. ಮಳೆಗೆ ಕೆಟ್ಟಿತು ಅಂತ ಹೇಳು" ಎಂದ. ಅವನ ಒಳ್ಳೆಯತನ ನನ್ನನ್ನು ಸಾಯಿಸಿತು. ಗುಡ್ಡದ ದಾರಿಯಲ್ಲಿ ಅವ್ವ ಎಷ್ಟೋ ತಿಂಗಳ ಮೇಲೆ ಹಾಡು ಗುನುಗುತ್ತಿದ್ದಳು. "ಇಲ್ಲಿ ಮಂದಿಗೆ ಹಸನು ಮಾಡೋದಂದ್ರೇನಂತ ಇವತ್ತ ತಿಳೀತು ನೋಡು" ಎಂದಳು.

ಆರು ದಿನ ಅವಳು ದಿನವೂ ಕೇಳಿದಳು: "ಜ್ಯೂಸ ಹೆಂಗಾಗೇತಂತೋ?" ಮಳೆಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದ್ದರೆ ಅವಳ ಸಂತೋಷ ಉಳಿಯುತ್ತಿತ್ತು, ನನ್ನ ಮಾನವೂ. ಏಳನೆಯ ದಿನ, ಸಾಲದ್ದನ್ನು ಸಾಲದೆನ್ನುವ ಆ ಫ್ರೆಂಚ್ ಮನೆ ನೆನಪಾಗಿ, ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿಬಿಟ್ಟೆ.

ಅವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟಳು. "ಹೆಂಡಕ್ಕ ಅಂದಿದ್ರ ನಾ ಬರತಿದ್ದಿಲ್ಲ. ಅದು ನನ್ನ ವಿಚಾರ. ಆದ್ರ ಕುಂತ ಮ್ಯಾಲೆ ಕೆಲಸ ಕೆಡಸಾಕಿ ಅಲ್ಲ ನಾನು. ನನ್ನ ಕೈಲೇ ಒಬ್ಬರ ವರ್ಷದ ಬೆಳಿ ಹಾಳ ಮಾಡಿಸಿದೆಲ್ಲೋ." ಕಣ್ಣು ಒರೆಸಿಕೊಂಡಳು. "ನಡಿ, ಆ ಹಿರ್‍ಯಾನ ಮನೀಗೆ."

ಶೇಂಗಾ ಹೋಳಿಗೆಯ ಡಬ್ಬಿಯೊಂದಿಗೆ ಹೋದೆವು. ಮಳೆಗೆ ಸಿಕ್ಕಿಯೂ ಸಾಲಿನ ತುದಿಯಲ್ಲಿ ಒಂದೆರಡು ಗೊಂಚಲು ಉಳಿದು ಮುದುಡಿದ್ದವು. ರಾನ್ ಒಂದು ಹಣ್ಣು ಕಿತ್ತು ಅವ್ವನ ಅಂಗೈಯಲ್ಲಿಟ್ಟ. ಅವಳು ಹಿಂದೆಮುಂದೆ ನೋಡಿ, ಶಿವನ ಹೆಸರು ಹೇಳಿ ಬಾಯಿಗೆ ಹಾಕಿಕೊಂಡಳು. ಅವಳ ಮುಖ ಸಡಿಲಾಗಿ ಮತ್ತೆ ಗಂಭೀರವಾಯಿತು. "ಜೇನಿನಂಗ ಐತಿ. ಕೆಡಿಸಿದ್ದನ್ನ ನಾನ ಸರಿ ಮಾಡಿ ಕೊಡತೇನಂತ ಹೇಳು. ಕುಡಿಯೋದು ಬಿಡೋದು ಅವರಿಗೆ ಸೇರಿದ್ದು. ಕೆಲಸ ನನಗ ಬರತೈತಿ, ಹೇಳಬೇಕಾಗಿದ್ದ ನನ್ನ ಮಗಗ ಹೇಳಾಕ ಬರಲಿಲ್ಲ, ಅದನ್ನೂ ಹೇಳು."

ರಾನ್ ನನ್ನ ಮುಖ ನೋಡಿದ. ಅವ್ವನ ಮಾತನ್ನು ಒಂದಕ್ಷರವನ್ನೂ ಸಿಹಿ ಮಾಡದೆ ಇಂಗ್ಲಿಷಿನಲ್ಲಿ ಹೇಳಿದೆ.

ಮುಂದಿನ ಏಪ್ರಿಲ್‌ನಲ್ಲಿ ಹಿಂದೆ ಸಾಮಾನು ಹೇರುವ ಅವನ ಯೂಟ್ ಗಾಡಿ ನಮ್ಮ ಬಾಗಿಲಿಗೇ ಬಂದು ನಿಂತಿತು. ರಾನ್ ಅಂಗೈ ಚಾಚಿದ. ಅದರಲ್ಲಿ ಎರಡು ಹಣ್ಣು, ಒಂದು ಹಸಿರು, ಒಂದು ಬೂಷ್ಟು ಹಿಡಿದದ್ದು. ಅವ್ವ ಬೂಷ್ಟು ಹಿಡಿದದ್ದನ್ನು ಎತ್ತಿಕೊಂಡು, ಸ್ವೆಟರ್ ಹಾಕಿಕೊಂಡು ಯೂಟ್ ಹತ್ತಿದಳು. ನನ್ನನ್ನು ಇಬ್ಬರೂ ಕರೆಯಲಿಲ್ಲ.