ದಂಡೆಯ ಮೇಲಿನ ಬಟ್ಟೆಗಂಟು

ಉಲ್ಲಾಳದ ಸುತ್ತಮುತ್ತ ಓಡಾಡುವ ನೀರಿನ ಟ್ಯಾಂಕರುಗಳ ಹಿಂಭಾಗದಲ್ಲಿ ಒಂದು ಕೆರೆಯ ಚಿತ್ರ ಇರುತ್ತದೆ. ಬರೆದವನು ಚನ್ನಕೇಶವ. ಬೋರ್ಡ್ ಬರೆಯುವ ಕಸುಬನ್ನು ಫ್ಲೆಕ್ಸ್ ನುಂಗಿ ನೀರು ಕುಡಿದ ಮೇಲೂ ಟ್ಯಾಂಕರಿನವರು ಮಾತ್ರ ಅವನನ್ನು ಬಿಟ್ಟಿಲ್ಲ. ಕಮಲ ಹಾಕು, ಹಂಸ ಹಾಕು ಎಂದು ಅವರು ತಲೆ ತಿನ್ನುತ್ತಾರೆ. ಅರವತ್ತೆರಡರ ಈ ಹಟಮಾರಿ ಎಲ್ಲದಕ್ಕೂ ಹೂಂ ಎಂದು, ಕೊನೆಗೆ ದಂಡೆಯ ಮೇಲೆ ಒಂದು ಬಟ್ಟೆಗಂಟನ್ನಷ್ಟೇ ಬರೆದು ಕಳಿಸುತ್ತಾನೆ. ನೀರಿನಲ್ಲಿ ಯಾರೂ ಇರುವುದಿಲ್ಲ.

ಅವನು ಬರೆಯುವ ಆ ಊರ ಕೆರೆ ಸೈಟುಗಳಾಗಿ ಎಷ್ಟೋ ಕಾಲವಾಯಿತು. ಅವನಿಗೆ ಏಳು ವರ್ಷವಿದ್ದಾಗ ಅಕ್ಕ ಸುವರ್ಣಾ ಬಟ್ಟೆ ಒಗೆಯಲು ಹೊರಟವಳು ಅವನನ್ನೂ ಕರೆದುಕೊಂಡು ಹೋಗಿದ್ದಳು. ಒಗೆದ ಗಂಟನ್ನು ಅವನ ಪಕ್ಕದಲ್ಲಿಟ್ಟು, ಕೈಗೊಂದು ಕಡ್ಡಿ ಕೊಟ್ಟು, ನಾನು ಮುಳುಗು ಹಾಕಿ ಬರುವ ತನಕ ಇದನ್ನು ಬಿಟ್ಟು ಏಳಬೇಡ ಎಂದು ಹೇಳಿ ನೀರಿಗಿಳಿದಳು. ಅವನು ಒದ್ದೆ ಮಣ್ಣಿನಲ್ಲಿ ಎತ್ತು, ಗಾಡಿ ಬರೆಯುತ್ತ ಕೂತ. ಹೊತ್ತು ಇಳಿದರೂ ಏಳಲಿಲ್ಲ. ಊರವರು ಹುಡುಕಿಕೊಂಡು ಬಂದು ಅವಳನ್ನು ನೀರಿನಿಂದ ಎತ್ತಿದಾಗಲೂ ಗಂಟು ಕಾಯುತ್ತಲೇ ಇದ್ದ. ಅಕ್ಕ ಕೂಗಿದ್ದಳೋ ಏನೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಹೋದ ತಿಂಗಳು ತಾಯಿ ವೆಂಕಟಲಕ್ಷ್ಮಮ್ಮ ಹಾಸಿಗೆ ಹಿಡಿದರು. ಎಂಬತ್ತೇಳು ವರ್ಷ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರೇ ಹೇಳಿಬಿಟ್ಟರು. ಆ ತಾಯಿ ಮಗನನ್ನು ಕೇಳಿದ್ದು ಒಂದೇ. ಸುವರ್ಣಾಳದು ಒಂದು ಫೋಟೋ ಕೂಡ ಇಲ್ಲ, ನೀನೇ ಬರೆದುಕೊಡು, ಕಣ್ಣು ಮುಚ್ಚುವ ಮೊದಲು ಒಂದು ಸಲ ನೋಡುತ್ತೇನೆ ಎಂದರು.

ನಾಲ್ಕು ದಿನ ತಗಡಿನ ಮುಂದೆ ಕೂತ. ಕೆರೆ ಬಂತು, ಜೊಂಡು ಬಂತು, ಅಕ್ಕನ ಮುಖ ಮಾತ್ರ ಬರಲಿಲ್ಲ. ಬರೆದ ಮುಖಗಳೆಲ್ಲ ಯಾರ್‍ಯಾರದೋ ಆದವು. ಒರೆಸಿ ಒರೆಸಿ ಸಾಕಾಯಿತು. ಆವತ್ತು ಅವನು ಕಣ್ಣಾರೆ ಕಂಡಿದ್ದು ಕಡ್ಡಿಯ ತುದಿಯ ಆಚೆ ನೀರಿನ ಕಡೆ ಹೋದ ಎರಡು ಪಾದಗಳನ್ನು. ಐದನೆಯ ದಿನ ಅವನ್ನೇ ಬರೆದ. ಹಿಮ್ಮಡಿಗೆ ಕೆಸರು, ಎಡಗಾಲಿಗೆ ಕರಿದಾರ.

ವೆಂಕಟಲಕ್ಷ್ಮಮ್ಮ ಬಹಳ ಹೊತ್ತು ನೋಡಿದರು. ಕರಿದಾರವನ್ನು ಬೆರಳಿನಿಂದ ಸವರಿದರು. ಮುಖ ಎಲ್ಲಿ ಕಣಪ್ಪ ಎಂದು ಕೇಳಿದರು.

"ನಾನು ತಲೆ ಎತ್ತಿ ನೋಡ್ಲೇ ಇಲ್ಲ ಅವ್ವ. ಚಿತ್ರ ಬರೀತಾ ಕೂತಿದ್ದೆ."

ಐವತ್ತೈದು ವರ್ಷದಲ್ಲಿ ಅವನು ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಹೇಳಿ ತಲೆ ತಗ್ಗಿಸಿದ.

"ಗೊತ್ತು ಕಣಪ್ಪ. ಅವನ ಕೈಗೊಂದು ಕಡ್ಡಿ ಕೊಡು, ತಲೆ ಎತ್ತದೆ ಕೂತಿರ್ತಾನೆ ಅಂತ ಅವಳಿಗೆ ಹೇಳ್ಕೊಟ್ಟಿದ್ದು ನಾನೇ."

ಒಂದೇ ಸೂರಿನಡಿ ಇಷ್ಟು ವರ್ಷ ಇದ್ದ ಇಬ್ಬರೂ ಈ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಚನ್ನಕೇಶವನಿಗೆ ಅಳು ತಡೆಯಲಾಗಲಿಲ್ಲ. ತಾಯಿ ತಗಡನ್ನು ಎದೆಗೆ ಒತ್ತಿಕೊಂಡರು. ಹಸಿ ಬಣ್ಣ ಸೀರೆಗೆ ಹತ್ತುತ್ತಿತ್ತು, ಪಾದಗಳು ಕಲಸಿಹೋಗುತ್ತಿದ್ದವು. ಅವನು ತಗಡನ್ನು ಬಿಡಿಸಿಕೊಳ್ಳಲು ಹೋಗಲಿಲ್ಲ.