ಐಸ್ ಹಾಕಿಯವಳು ಕರೆದ ಕೆಲಸ

ಮಾರಾಯಾ, ಈಗಷ್ಟೇ ಆದದ್ದನ್ನು ಹೇಳಿದ್ರೆ ನೀನು ನಂಬುದೇ ಇಲ್ಲ. ನಾನು ಅಬುಧಾಬಿಯ ಐಸ್ ರಿಂಕಲ್ಲಿ ಸ್ಕೇಟ್‌ಗಳ ಬ್ಲೇಡ್ ಹರಿತ ಮಾಡುದು ನಿಂಗೆ ಗೊತ್ತುಂಟಲ್ಲ? ಇವತ್ತು ಕೆನಡಾದ ಒಬ್ಳು ಹುಡುಗಿ ಬಂದು ಅವಳ ಸ್ಕೇಟ್ ಕೊಟ್ಳು. ಹೆಂಗಸರ ಪ್ರೊಫೆಶನಲ್ ಐಸ್ ಹಾಕಿ ಲೀಗಲ್ಲಿ ಆಡುವವಳಂತೆ. ಅಕ್ಕನನ್ನು ನೋಡ್ಲಿಕ್ಕೆ ಬಂದದ್ದು, ಮುಂದಿನ ತಿಂಗಳು ಸೀಸನ್ ಶುರುವಂತೆ.

ಬ್ಲೇಡನ್ನು ನಾಲ್ಕು ಸಲ ತಿರುಗಿಸಿ ನೋಡಿದೆ. ಅಲ್ಲಿವರೆಗೆ ನಾನು ಮುಟ್ಟಿದ್ದು ಬರೇ ಬಾಡಿಗೆ ಸ್ಕೇಟ್ ಅಲ್ವಾ. ಹೇಗೋ ಮಾಡಿ ಕೊಟ್ಟೆ. ಅವಳು ಐಸ್ ಮೇಲೆ ಎರಡು ಸುತ್ತು ಹಾರಿದ ಹಾಗೆ ಹೋಗಿ, ನನ್ನೆದುರೇ ಗಕ್ಕನೆ ನಿಂತ್ಳು. ನನ್ನ ಅಂಗಿಯೆಲ್ಲ ಐಸ್ ಪುಡಿ.

"ಸೂಪರ್ ಆಗಿದೆ. ನಮ್ಮ ಟೀಮಲ್ಲಿ ಈ ಕೆಲಸದವನು ಬಿಟ್ಟು ಹೋಗಿದ್ದಾನೆ. ನೀನು ಬರ್ತೀಯಾ?" ಅಂತ ಕೇಳಿದ್ಳು.

ಗಲ್ಫಲ್ಲಿ ಎರಡು ವರ್ಷ ಇದ್ದವನ ಬಾಯಲ್ಲಿ ಎಂತ ಬರ್ತದೆ ಹೇಳು. "ವೀಸಾ, ರೂಮು, ಟಿಕೆಟು ಕಂಪೆನಿಯದ್ದಾ ಮೇಡಂ?" ಅಂದೆ.

ಅವಳು ನಕ್ಕು ನಕ್ಕು ಬೆಂಚಲ್ಲಿ ಕೂತೇ ಬಿಟ್ಳು. "ವೀಸಾ ಟೀಮಿನವರಲ್ಲಿ ಕೇಳ್ತೇನೆ. ರೂಮು ನನಗೇ ಇಲ್ಲ. ಹಗಲು ಶಾಲೆಯಲ್ಲಿ ಪಾಠ ಮಾಡ್ತೇನೆ, ಸಂಜೆ ಆಡ್ತೇನೆ, ಗೋಲ್‌ಕೀಪರ್ ಮನೆಯ ಸೋಫಾದಲ್ಲಿ ಮಲಗ್ತೇನೆ. ಆಚೆ ಮನೆಯಲ್ಲಿ ನಮ್ಮ ಕೋಚ್ ಇದ್ದಾನೆ, ಅವನಲ್ಲೂ ಒಂದು ಸೋಫಾ ಉಂಟು."

ನಾಳೆ ಬೆಳಿಗ್ಗೆ ಅವಳ ಫ್ಲೈಟು, ಅದಕ್ಕಿಂತ ಮೊದಲು ಉತ್ತರ ಬೇಕಂತೆ. ಇಲ್ಲಿ ಕಂಪೆನಿ ರೂಮುಂಟು, ಎಂಟು ಜನ, ನನ್ನದು ಮೇಲಿನ ಮಂಚ. ಅಲ್ಲಿ ಬರೇ ಸೋಫಾ, ಆದ್ರೆ ಇಡೀ ಸೋಫಾ ನಂಗೊಬ್ಬನಿಗೇ. ನೀನಾದ್ರೆ ಎಂತ ಹೇಳ್ತಿದ್ದೆ?