ರಂಗಮ್ಮನ ಕಿವಿ, ಅಟ್ಟದ ಅಲಾರಂ

ಕಣಕಟ್ಟೆಯಲ್ಲಿ ರಂಗಮ್ಮನ ಕಿವಿಗೆ ಇದ್ದಷ್ಟು ಬೇಡಿಕೆ ಅವಳ ಅಡುಗೆಗೆ ಎಂದೂ ಇರಲಿಲ್ಲ. ಅವಳ ಸಾರಿನ ವಿಷಯ ಬಿಡಿ, ಉಂಡವರು ಸುಮ್ಮನಿರುವುದೇ ಮರ್ಯಾದೆ. ಕಿವಿಯ ಮಾತು ಬೇರೆ. ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ವರ್ಷದ ಹತ್ತಿರಹತ್ತಿರ ಬಿಟ್ಟರೆ, ಒಳಗಿನ ನೀರೆಲ್ಲ ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯಬೇಕಾದರೆ ಕಾಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಬೇಕು. ಅಲ್ಲಾಡಿಸುವವರು ಊರ ತುಂಬ ಇದ್ದಾರೆ. ಆದರೆ ಇಂತಿಷ್ಟೇ ದಿನ ತಡೆಯಿರಿ ಎಂದು ಲೆಕ್ಕ ಹೇಳುವವಳು ರಂಗಮ್ಮ ಒಬ್ಬಳೇ. ಅವಸರ ಮಾಡಿ ಒಡೆದರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಯಾರ ಮನೆಯಲ್ಲಿ ಕಾಯಿ ಇಳಿಸುವುದಿದ್ದರೂ ಮೊದಲು ಅವಳಿಗೆ ಕರೆ ಹೋಗುತ್ತದೆ. ಚಾಪೆ ಹಾಸುತ್ತಾರೆ, ಕಾಫಿ ಕೊಡುತ್ತಾರೆ, ಅವಳು ಕಾಯಿ ಎತ್ತಿದೊಡನೆ ಓಡುತ್ತಿರುವ ಮಿಕ್ಸಿಯನ್ನೂ ನಿಲ್ಲಿಸುತ್ತಾರೆ. ಆ ಒಂದು ನಿಮಿಷ ಊರಿನಲ್ಲಿ ಅವಳಿಗಿಂತ ದೊಡ್ಡವರು ಯಾರೂ ಇಲ್ಲ.

ಅರವತ್ತಮೂರು ದಾಟಿದ ಮೇಲೆ ಆ ಕಿವಿ ಕೈಕೊಡತೊಡಗಿತು. ಮೊದಲು ಹೋದದ್ದು ಕುಕ್ಕರಿನ ವಿಶಲ್. ರಂಗಮ್ಮ ತಪ್ಪನ್ನು ಕುಕ್ಕರಿನ ಮೇಲೆ ಹೊರಿಸಿ ಎರಡು ಸಲ ಗ್ಯಾಸ್ಕೆಟ್ ಬದಲಾಯಿಸಿದಳು, ಮೂರು ಸಲ ಅನ್ನ ಸೀಯಿಸಿದಳು. ಆಮೇಲೆ ಬೆಳಗಿನ ಹಕ್ಕಿಗಳೂ ಕೂಗುವುದನ್ನು ಬಿಟ್ಟವು. ಕಾಲ ಕೆಟ್ಟುಹೋಯಿತು ಎಂದುಕೊಂಡಳೇ ಹೊರತು ಕಿವಿ ಕೆಟ್ಟಿತು ಎನ್ನಲಿಲ್ಲ. ಒಳಗೊಳಗೇ ಭಯವಿತ್ತು. ಕಿವುಡಿಯನ್ನು ಕಾಯಿ ಕೇಳಲು ಯಾರು ಕರೆಯುತ್ತಾರೆ?

ಇಂಥ ಹೊತ್ತಿನಲ್ಲಿ ಸೊಸೆ ನಯನಾ ಆ ಯಂತ್ರಗಳನ್ನು ತಂದಳು.

ನಯನಾ ಅರಸೀಕೆರೆಯ ಒಂದು ಕಾಲೇಜಿನಲ್ಲಿ ಗುಮಾಸ್ತೆ. ದಿನವೂ ಸ್ಕೂಟರಿನಲ್ಲಿ ಹೋಗಿಬರುತ್ತಾಳೆ. ಅವಳ ಗಂಡ, ರಂಗಮ್ಮನ ಮಗ ಮೋಹನ್‌ಕುಮಾರ್, ತೋಟ ನೋಡಿಕೊಳ್ಳುತ್ತಾನೆ. ಹೊಸ ಬಚ್ಚಲಿಗೆ ನೀರಿನ ಪೈಪನ್ನು ಅಟ್ಟದ ಮೇಲಿನಿಂದಲೇ ಎಳೆದವನು ಅವನು. ಪ್ಲಂಬರ್ ಯಾಕೆ, ನಾನಿಲ್ಲವೇ ಎಂದಿದ್ದ. ಹೋದ ವರ್ಷ ಆ ಪೈಪು ತಿರುಗುವಲ್ಲಿ ಹಾಕಿದ ಮೊಣಕೈ ಜೋಡಣೆ ಯಾರಿಗೂ ಹೇಳದೆ ಎರಡು ತಿಂಗಳು ಸೋರಿ, ಒಂದು ಮೂಲೆಯ ಕಾಯೆಲ್ಲ ಕೊಳೆತು, ಕೆಲವು ಮೊಳಕೆಯನ್ನೂ ಒಡೆದಿದ್ದವು. ಈ ಸಲ ಹಾಗಾಗಬಾರದೆಂದು ನಯನಾ ನಿಪ್ಪಟ್ಟಿನಂಥ ಮೂರು ಬಿಳಿ ಬಿಲ್ಲೆಗಳನ್ನು ತಂದು ಒಂದನ್ನು ಅಟ್ಟದಲ್ಲಿ, ಒಂದನ್ನು ಸಿಂಕಿನ ಕೆಳಗೆ, ಒಂದನ್ನು ಬಚ್ಚಲ ಬಾಗಿಲಲ್ಲಿ ಇಟ್ಟಳು.

"ಒಂದು ಹನಿ ನೀರು ಸೋಕಿದ್ರೂ ಕಿರುಚುತ್ತೆ ಅತ್ತೆ. ನಮ್ಮ ಮೊಬೈಲಿಗೂ ಮೆಸೇಜ್ ಬರುತ್ತೆ. ನೋಡಿ, ಈಗ ಟೆಸ್ಟ್ ಮಾಡ್ತೀನಿ" ಎಂದು ಒಂದನ್ನು ಒದ್ದೆ ಬಟ್ಟೆಯ ಮೇಲಿಟ್ಟಳು.

ನಯನಾ ಕಿವಿ ಮುಚ್ಚಿಕೊಂಡಳು. ಮೋಹನ್‌ಕುಮಾರ್ ಕಿವಿ ಮುಚ್ಚಿಕೊಂಡ. ನಾಯಿ ಕರಿಯ ಬಾಲ ಮುದುರಿಕೊಂಡು ಬೀದಿಗೆ ಓಡಿ ಅಲ್ಲಿಂದ ಬೊಗಳಿತು. ರಂಗಮ್ಮ ಇನ್ನೂ ಯಂತ್ರ ಶುರುವಾಗಲಿ ಎಂದು ಕಾಯುತ್ತಿದ್ದಳು. ಇಬ್ಬರ ಮುಖ ನೋಡಿದ ಮೇಲೆ ಅವಳಿಗೆ ವಿಷಯ ಹೊಳೆದು, ಗಡಿಬಿಡಿಯಲ್ಲಿ ತಾನೂ ಎರಡು ಕಿವಿಗೂ ಕೈಯಿಟ್ಟಳು.

"ಅಬ್ಬಬ್ಬ, ಏನ್ ಬಡ್ಕೊಂತೈತೆ! ನಿಲ್ಸವ್ವ ಸಾಕು" ಎಂದಳು.

"ನಿಲ್ಸಿ ಆಯ್ತಲ್ಲ ಅತ್ತೆ" ಎಂದಳು ನಯನಾ.

ಆ ದಿನದಿಂದ ಕರಿಯನ ಅದೃಷ್ಟ ಖುಲಾಯಿಸಿತು. ಅದುವರೆಗೆ ಹೊಸ್ತಿಲು ತುಳಿದರೆ ಪೊರಕೆ ತಿನ್ನುತ್ತಿದ್ದ ನಾಯಿಗೆ ಈಗ ನಡುಮನೆಯಲ್ಲಿ ಗೋಣಿಚೀಲದ ಹಾಸಿಗೆ, ಹೊತ್ತಿಗೆ ಸರಿಯಾಗಿ ಬಿಸಿ ಮುದ್ದೆ. ವಯಸ್ಸಾದಂತೆ ಅಮ್ಮನ ಮನಸ್ಸು ಮೆತ್ತಗಾಗಿದೆ ಎಂದು ಮೋಹನ್‌ಕುಮಾರ್ ಅಂದುಕೊಂಡ. ಪಾಪ, ಅವನಿಗೇನು ಗೊತ್ತು! ರಂಗಮ್ಮ ಯಂತ್ರಕ್ಕೆ ಕಿವಿಯಾಗಿ ನಾಯಿಯನ್ನು ನೇಮಿಸಿಕೊಂಡಿದ್ದಳು.

ಆದರೆ ನಾಯಿಗೆ ಕೆಲಸದ ಮೇಲೆ ಶ್ರದ್ಧೆ ಇರಬೇಕಲ್ಲ. ಒಂದು ಗುರುವಾರ ಅದು ಮುದ್ದೆ ಮುಗಿಸಿ ಮೋಹನ್‌ಕುಮಾರನ ಟ್ರ್ಯಾಕ್ಟರಿನ ಹಿಂದೆ ತೋಟಕ್ಕೆ ಹೊರಟುಹೋಯಿತು. ನಯನಾ ಅರಸೀಕೆರೆಯಲ್ಲಿದ್ದಳು. ರಂಗಮ್ಮನ ಮೊಬೈಲು ಒಳಕೋಣೆಯಲ್ಲಿ ಚಾರ್ಜಿಗಿತ್ತು. ಅವಳು ನಡುಮನೆಯಲ್ಲಿ ಕುಳಿತು ಮೊರದಲ್ಲಿ ರಾಗಿ ಕೇರುತ್ತ, ಮನೆ ಎಷ್ಟು ತಣ್ಣಗಿದೆ ಎಂದು ಸಂತೋಷಪಡುತ್ತಿದ್ದಳು. ಅಂದು ಪಕ್ಕದ ಬೀದಿಯ ಚಲುವಮ್ಮನ ಮನೆಯಲ್ಲಿ ಕಾಯಿ ಕೇಳಬೇಕಿತ್ತು. ಕರೆಯಲು ಬಂದ ಚಲುವಮ್ಮ ಬಾಗಿಲಲ್ಲೇ ನಿಂತಳು.

"ಇದೇನ್ ರಂಗಕ್ಕ, ನಿಮ್ಮನೇಲಿ ಆಂಬುಲೆನ್ಸ್ ಕೂಗ್ದಂಗೆ ಕೂಗ್ತೈತೆ? ಬೀದಿ ಕೊನೆಗೂ ಕೇಳ್ತೈತಲ್ಲ!"

ರಂಗಮ್ಮನಿಗೆ ಅಟ್ಟದ ಬಿಲ್ಲೆ ನೆನಪಾಯಿತು. ಬೇರೆ ಯಾರ ಮುಂದಾದರೂ ಸರಿ, ಚಲುವಮ್ಮನ ಮುಂದೆ ಸಿಕ್ಕಿಬೀಳುವುದೆಂದರೆ ಗ್ರಾಮ ಪಂಚಾಯಿತಿಯ ಬೋರ್ಡಿಗೆ ನೋಟಿಸು ಅಂಟಿಸಿದಂತೆಯೇ.

"ಅದಾ? ಅದು ಹೊತ್ತಾರೆಯಿಂದ ಹಂಗೇ ಅರಚ್ತೈತೆ. ಅರಚ್ಲಿ ಬಿಡು, ನಡಿ ಹೋಗನ" ಎಂದು ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು. ತನ್ನ ಅಟ್ಟದ ಕಾಯಿ ಕೊಳೆತರೂ ಸರಿ, ಗುಟ್ಟು ಉಳಿದರೆ ಸಾಕು ಎಂಬ ಹಟ.

ಹೊಸ್ತಿಲವರೆಗೆ ಹೋದಳು. ಅಲ್ಲಿ ಕಾಲು ನಿಂತಿತು. ಅಟ್ಟದ ಮೇಲೆ ದಪ್ ಎಂದಿತು. ಸ್ವಲ್ಪ ತಡೆದು ಇನ್ನೊಮ್ಮೆ, ದಪ್. ಒಣಸಿಪ್ಪೆಯ ಮೇಲೆ ನೀರು ಬೀಳುವ ಸದ್ದು.

"ಚಲುವಿ, ತೊಟ್ಟಿಕ್ಕೋದು ಕೇಳ್ತಾ?"

"ಈ ಅರಚಾಟದಾಗೆ ನನ್ ಮಾತೇ ನಂಗೆ ಕೇಳಾಕಿಲ್ಲ. ತೊಟ್ಟಂತೆ, ಮಣ್ಣಂತೆ!" ಎಂದು ಚಲುವಮ್ಮ ಕಿವಿಗೆ ಬೆರಳಿಟ್ಟುಕೊಂಡು ಬೀದಿಗಿಳಿದಳು.

ರಂಗಮ್ಮ ಸೆರಗು ಸಿಕ್ಕಿಸಿ ಏಣಿ ಹತ್ತಿದಳು. ಬಿಲ್ಲೆ ಇದ್ದ ಕಡೆ ನೆಲ ಒದ್ದೆಯಾಗಿತ್ತು, ಆದರೆ ಅದರ ಮೇಲಿನ ಪೈಪು ಒಣಗಿಯೇ ಇತ್ತು. ಅವಳು ಕತ್ತಲಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಮೂವತ್ತು ವರ್ಷ ಕಾಯಿಗೆ ಕಿವಿ ಕೊಟ್ಟ ಹಾಗೆಯೇ ಅಟ್ಟಕ್ಕೆ ಕಿವಿ ಕೊಟ್ಟಳು. ದಪ್. ಎಡಗಡೆ, ನಾಲ್ಕು ಮೊಳ ದೂರ. ಮಗನ ಕೈಚಳಕದ ಇನ್ನೊಂದು ಮೊಣಕೈ ಅಲ್ಲಿ ಬಾಯಿಬಿಟ್ಟು, ನೀರು ತೊಲೆಯ ಗುಂಟ ಹರಿದು ಬಿಲ್ಲೆಯವರೆಗೆ ಬಂದಿತ್ತು. ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದಳು, ಟವೆಲ್ಲು ಬಿಗಿದಳು, ನೆಂದ ಕಾಯನ್ನು ಬೇರೆ ಮಾಡಿದಳು. ಎಂಟೇ ಎಂಟು. ಉಳಿದದ್ದೆಲ್ಲ ಒಣಗಿತ್ತು. ಉಸಿರು ಬಿಟ್ಟು ಬಿಲ್ಲೆಯ ಪಕ್ಕದಲ್ಲೇ ಕಾಲು ಚಾಚಿ ಕುಳಿತಳು.

ಮೊಬೈಲಿಗೆ ಮೆಸೇಜು ಬಂದು, ಅತ್ತೆ ಫೋನೆತ್ತದೆ, ಮುಕ್ಕಾಲು ಗಂಟೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದ ನಯನಾ ಅಟ್ಟಕ್ಕೆ ತಲೆ ಹಾಕಿದಾಗ ಕಂಡದ್ದು ಇದು: ಬಿಲ್ಲೆ ಗಂಟಲು ಹರಿಯುವಂತೆ ಕಿರುಚುತ್ತಿದೆ, ಅದರಿಂದ ಗೇಣು ದೂರದಲ್ಲಿ ಅತ್ತೆ ಎಲೆ‌ಅಡಿಕೆ ಹಾಕಿಕೊಳ್ಳುತ್ತಿದ್ದಾಳೆ.

ನಯನಾ ಬಿಲ್ಲೆಯನ್ನು ಒರೆಸಿ ಬಾಯಿ ಮುಚ್ಚಿಸಿದಳು. ರಂಗಮ್ಮನಿಗೆ ಗೊತ್ತಾಯಿತು, ಇನ್ನು ಮುಚ್ಚಿಟ್ಟು ಫಲವಿಲ್ಲ.

"ಅದು ಕೂಗೋದು ನಂಗೆ ಕೇಳಾಕಿಲ್ಲ ಕಣವ್ವ" ಎಂದಳು. ಹೇಳುತ್ತಲೇ ಅಳು ಬಂತು. "ಯಾರ್ಗೂ ಹೇಳ್ಬ್ಯಾಡ. ಕಾಯಿ ಕೇಳಕ್ಕೆ ಯಾರೂ ಕರಿಯಾಕಿಲ್ಲ ಆಮ್ಯಾಕೆ."

"ನಂಗೆ ಟೆಸ್ಟ್ ದಿನವೇ ಡೌಟಿತ್ತು. ಅದು ನಿಂತ ಮೇಲೆ ನೀವು ಕಿವಿ ಮುಚ್ಕೊಂಡ್ರಿ. ಕೀರಲು ಸದ್ದು ಮಾತ್ರ ನಿಮಗೆ ಕೇಳ್ತಿಲ್ಲ ಅನ್ಸುತ್ತೆ" ಎಂದು ನಯನಾ ಅವಳ ಕೈ ಹಿಡಿದಳು. "ಹೇಳಲ್ಲ. ಏಳಿ, ಚಲುವಮ್ಮ ಬೀದೀಲಿ ಸಿಕ್ಕಿದ್ರು, ಕಾಯ್ತಿದ್ದಾರೆ, ನಾನೂ ಬರ್ತೀನಿ."

ಚಲುವಮ್ಮನ ಅಂಗಳದಲ್ಲಿ ಹತ್ತು ಜನ ಸೇರಿದ್ದರು. ಚಾಪೆ ಇತ್ತು, ಕಾಫಿ ಇತ್ತು. ರಂಗಮ್ಮ ಕಾಯಿ ಎತ್ತಿಕೊಂಡಳು. ಇದೂ ಕೇಳಿಸದಿದ್ದರೆ? ಅಲ್ಲಾಡಿಸಿದಳು. ಒಳಗೆ ಲೊಟ್ ಎಂದಿತು. ಮಂದವಾಗಿ, ಇನ್ನೂ ಒಂದಿಷ್ಟು ಅಂಟಿಕೊಂಡಂತೆ. ಅವಳ ಮುಖ ಅರಳಿತು. ತಡೆಯಲಾರದೆ ಅದೇ ಕಾಯನ್ನು ಸೊಸೆಯ ಕಿವಿಗೆ ಹಿಡಿದು ಅಲ್ಲಾಡಿಸಿದಳು.

"ಕೇಳ್ತಾ?"

"ಏನೂ ಇಲ್ವಲ್ಲ ಅತ್ತೆ?" ಎಂದಳು ನಯನಾ.

"ಏನೂ ಇಲ್ವಾ?" ರಂಗಮ್ಮ ಸಂತೋಷದಲ್ಲಿ ಮೈಮರೆತಳು. "ಕೇಳ್ರಪ್ಪ! ಆ ಮಿಷಿನ್ ಕೂಗೋದು ನಂಗೆ ಒಂಚೂರೂ ಕೇಳಾಕಿಲ್ಲ, ಈ ಕಾಯಿ ಸದ್ದು ನನ್ ಸೊಸೆಗೆ ಕೇಳಾಕಿಲ್ಲ!"

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಇಷ್ಟು ದಿನ ನಾಯಿಗೆ ಮುದ್ದೆ ಹಾಕಿ ಕಾಪಾಡಿದ ಗುಟ್ಟು ಅಂಗಳದ ಮಧ್ಯೆ ಬಿದ್ದಿತ್ತು. ಚಲುವಮ್ಮ ಅವಳನ್ನು ಒಮ್ಮೆ ನೋಡಿದಳು, ಆಗ ಕೇಳಿದ ಅರಚಾಟಕ್ಕೂ ಈ ಮಾತಿಗೂ ಮನಸ್ಸಿನಲ್ಲೇ ತಾಳೆ ಹಾಕಿಕೊಂಡಳು.

"ಅದು ನಿಮ್ಮನೆ ಪಾಡು, ಹೆಂಗಾನಾ ಇರ್ಲಿ. ನನ್ ಕಾಯಿ ಯಾವತ್ತು ಇಳಿಸ್ಲಿ ಅದ್ ಹೇಳು" ಎಂದಳು. ಆಮೇಲೆ ಒಳಕ್ಕೆ ತಿರುಗಿ ಕೂಗಿದಳು: "ಯಾರ್ಲಾ ಅದು, ಆ ಟಿವಿ ಆರಿಸ್ರೋ! ರಂಗಕ್ಕ ಕಾಯಿ ಕೇಳ್ತಾವ್ಳೆ."

ಟಿವಿ ಆರಿತು. ಹತ್ತು ಜನ ಉಸಿರು ಹಿಡಿದು ನಿಂತರು. ರಂಗಮ್ಮ ಇನ್ನೊಂದು ಕಾಯಿ ಎತ್ತಿ ಕಿವಿಗೆ ಹಿಡಿದಳು.

"ಹನ್ನೆರಡು ದಿನ ತಡಿ" ಎಂದಳು.